ಹಕ್ಕಿ ನೋಡಲು ಮೊದಲ ಸಲ ವಿದೇಶಕ್ಕೆ: ಎಲ್ಲಿಗೆ ಹೋಗೋದು, ಹೇಗೆ ನೋಡೋದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಿದೇಶ ಪ್ರವಾಸದ ಬಗ್ಗೆಯೇ ಇವೆ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಅದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ.

ಪ್ರಶ್ನೆ: ನಾನು ಮತ್ತು ನನ್ನ ಹೆಂಡತಿ ಇಬ್ಬರೂ ನಿವೃತ್ತ ಶಿಕ್ಷಕರು. ಮಂಡಗದ್ದೆ, ಗುಡವಿ, ಗಣೇಶಗುಡಿ ಎಲ್ಲ ಸುತ್ತಿದ್ದೇವೆ. ಜನವರಿಯಲ್ಲಿ ಹತ್ತು ದಿನ ಹಕ್ಕಿ ನೋಡಲು ಹೊರದೇಶಕ್ಕೆ ಹೋಗುವ ಆಸೆ. ಥಾಯ್ಲೆಂಡ್, ಮಲೇಷ್ಯಾ ಎರಡೂ ಸೇರಿದ ಪ್ಯಾಕೇಜ್ ಒಂದಿದೆ ಅಂತ ಪರಿಚಯದವರು ಹೇಳಿದರು. ಹೆಂಡತಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಹೋಗಬಹುದಾ?
— ಶಿವಮೊಗ್ಗದ ಓದುಗರು

ಉತ್ತರ: ಮೇಷ್ಟ್ರೇ, ಆ ಪ್ಯಾಕೇಜ್ ಬಿಡಿ. ಹತ್ತು ದಿನದಲ್ಲಿ ಎರಡು ದೇಶ ಅಂದರೆ ಅರ್ಧ ಹೊತ್ತು ವಿಮಾನ ನಿಲ್ದಾಣದಲ್ಲೇ ಕಳೆದುಹೋಗುತ್ತದೆ. ಮೊದಲ ಪ್ರವಾಸಕ್ಕೆ ಶ್ರೀಲಂಕಾಗೆ ಹೋಗಿ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಆದರೆ ನಾನು ಶ್ರೀಲಂಕಾ ಅನ್ನುವುದು ಹತ್ತಿರ ಇದೆ ಅಂತ ಮಾತ್ರ ಅಲ್ಲ. ನಿಮಗೆ ಪಶ್ಚಿಮಘಟ್ಟದ ಹಕ್ಕಿಗಳ ಪರಿಚಯ ಇದೆಯಲ್ಲ, ಅದು ಅಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಹಿಮಯುಗದಲ್ಲಿ ಸಮುದ್ರದ ಮಟ್ಟ ಇಳಿದಿದ್ದಾಗ ಆ ದ್ವೀಪ ನಮ್ಮ ನೆಲಕ್ಕೆ ಸೇರಿಕೊಂಡಿತ್ತು. ಹಾಗಾಗಿ ಗಣೇಶಗುಡಿಯಲ್ಲಿ ನೋಡಿದ ಮಲಬಾರ್ ಟ್ರೋಗನ್ ಅಲ್ಲೂ ಸಿಗುತ್ತದೆ. ಶ್ರೀಲಂಕಾ ಫ್ರಾಗ್‌ಮೌತ್ ಅಂತ ಹೆಸರಿರುವ ಹಕ್ಕಿ ನಮ್ಮ ಕಾಡಲ್ಲೂ ಇದೆ. ಇವುಗಳ ನಡುವೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೂವತ್ತಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಬೂದು ಕಾಡುಕೋಳಿಯ ಜಾಗದಲ್ಲಿ ಅಲ್ಲಿ ಕಿತ್ತಳೆಗೆಂಪು ಮೈಯ ಕಾಡುಕೋಳಿ ಓಡಾಡುತ್ತದೆ, ಕೆಂಪು ಜುಟ್ಟಿನ ನಡುವೆ ಹಳದಿ ಪಟ್ಟೆ. ಅಲ್ಲಿನ ಕೆಂಬೂತವೊಂದಕ್ಕೆ ಕೊಕ್ಕು ತಿಳಿಹಸಿರು. ಗೊತ್ತಿರುವ ಹಕ್ಕಿಯ ಪಕ್ಕದಲ್ಲಿ ಇಟ್ಟು ನೋಡಿದಾಗ ಹೊಸ ಹಕ್ಕಿ ತಕ್ಷಣ ಕಣ್ಣಿಗೆ ಹತ್ತುತ್ತದೆ, ಮನಸ್ಸಲ್ಲೂ ಉಳಿಯುತ್ತದೆ. ಥಾಯ್ಲೆಂಡಿಗೆ ಹೋದರೆ ಮೊದಲ ಎರಡು ದಿನ ಎಲ್ಲವೂ ಹೊಸದೇ. ಗೈಡ್ ಹೇಳಿದ ಹೆಸರು ಬರೆದುಕೊಳ್ಳುವುದರಲ್ಲೇ ಸುಸ್ತಾಗುತ್ತೀರಿ.

ಜನವರಿ ಒಳ್ಳೆಯ ಕಾಲ. ನೈರುತ್ಯದ ಮಳೆಕಾಡುಗಳಲ್ಲಿ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಮಳೆ ಕಡಿಮೆ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದ ಹಕ್ಕಿಗಳೂ ಆಗ ಅಲ್ಲೇ ಇರುತ್ತವೆ.

ಹತ್ತು ದಿನಕ್ಕೆ ಮೂರೇ ಜಾಗ ಇಟ್ಟುಕೊಳ್ಳಿ: ಸಿಂಹರಾಜ, ನುವಾರ ಎಲಿಯ, ತಿಸ್ಸಮಹಾರಾಮ. ಇದರಲ್ಲಿ ಸಿಂಹರಾಜಕ್ಕೆ ಕನಿಷ್ಠ ಮೂರು ರಾತ್ರಿ ಕೊಡಿ, ಇದನ್ನು ಮಾತ್ರ ಕಡಿಮೆ ಮಾಡಬೇಡಿ. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಈ ಕಾಡಿನ ಮರ ಕಡಿಯುತ್ತಿದ್ದರು. ಜನ ವಿರೋಧಿಸಿದ ಮೇಲೆ ನಿಂತಿತು. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಆಗ ಮರ ಸಾಗಿಸಲು ಮಾಡಿದ ದಾರಿಯಲ್ಲೇ ಈಗ ಹಕ್ಕಿ ನೋಡುವವರು ನಡೆಯುತ್ತಾರೆ. ದಾರಿ ಅಗಲ ಇದೆ, ಏರು ಕಡಿಮೆ, ಮನೆಯವರ ಮಂಡಿಗೆ ತೊಂದರೆ ಆಗಲಿಕ್ಕಿಲ್ಲ. ಆದರೆ ಕುಡಾವ ಅನ್ನುವ ಕಡೆಯ ಪ್ರವೇಶದ್ವಾರದ ಹತ್ತಿರವೇ ಉಳಿದುಕೊಳ್ಳಿ. ಕಾಡಿನ ಒಳಗೆ ಅಲ್ಲಿಯವರೇ ಆದ ಗೈಡ್ ಜೊತೆಗೇ ಹೋಗಬೇಕು.

ಅಲ್ಲಿ ನೋಡಬೇಕಾದದ್ದು ಹಕ್ಕಿಗಳ ಮಿಶ್ರ ಹಿಂಡು. ಅರ್ಧ ಗಂಟೆ ನಡೆದರೂ ಒಂದು ಹಕ್ಕಿ ಕಾಣುವುದಿಲ್ಲ, ಬರೀ ಜೀರುಂಡೆ ಸದ್ದು. ಆಮೇಲೆ ಎಲ್ಲೋ ಒಂದು ಕಡೆಯಿಂದ ಕಚಪಚ ಶುರು. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಪೊದೆಯಿಂದ ಪೊದೆಗೆ ನುಗ್ಗಿ ಬರುತ್ತವೆ. ಅವುಗಳ ಮೇಲುಗಡೆ ಜುಟ್ಟಿನ ಕಾಜಾಣ, ನಮ್ಮ ಭೀಮರಾಜನ ಹತ್ತಿರದ ಬಂಧು. ಅದಕ್ಕೂ ಮೇಲೆ ಎಲೆಗಳ ಮರೆಯಲ್ಲಿ ಕೆಂಪು ಮುಖದ ಮಲ್ಕೋಹ. ಹತ್ತಾರು ಜಾತಿ ಒಟ್ಟಿಗೆ ಬಂದು, ಸ್ವಲ್ಪ ಹೊತ್ತಿನಲ್ಲಿ ದಾಟಿಹೋಗುತ್ತವೆ. ವಿಜ್ಞಾನಿಗಳು ದಶಕಗಳಿಂದ ಈ ಹಿಂಡುಗಳನ್ನು ಅಭ್ಯಾಸ ಮಾಡುತ್ತಿದ್ದಾರೆ. ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅಣಕಿಸಿ ಹಿಂಡನ್ನು ತನ್ನ ಸುತ್ತ ಸೇರಿಸಿಕೊಳ್ಳುತ್ತದೆ ಅನ್ನುವುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಹಿಂಡು ಬಂದಾಗ ಇಬ್ಬರೂ ಒಂದೇ ಕಡೆ ನೋಡಬೇಡಿ. ಒಬ್ಬರು ಮೇಲೆ, ಒಬ್ಬರು ಪೊದೆಯ ಮಟ್ಟದಲ್ಲಿ ನೋಡಿ. ಹಿಂಡಿನ ಹಿಂದೆ ಓಡಬೇಡಿ, ನಿಂತಲ್ಲೇ ನಿಲ್ಲಿ. ಒಂದು ದಿನ ಹಿಂಡೇ ಸಿಗದೆ ಹೋಗಬಹುದು. ಮೂರು ರಾತ್ರಿ ಅಂದಿದ್ದು ಇದಕ್ಕೇ.

ಇಂಬಳ ಇರುತ್ತದೆ. ಮಲೆನಾಡಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ಇಂಬಳದ ಕಾಲುಚೀಲ ಮರೆಯಬೇಡಿ ಅಷ್ಟೇ.

ನುವಾರ ಎಲಿಯದಲ್ಲಿ ಎರಡು ರಾತ್ರಿ ಸಾಕು. ಊರಿನ ನಡುವಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಬೆಂಚಿನ ಮೇಲೆ ಕೂತು ಕಾಶ್ಮೀರ ಫ್ಲೈಕ್ಯಾಚರ್, ನವರಂಗ ನೋಡಬಹುದು. ಕಾಶ್ಮೀರದ ಕಾಡುಗಳಲ್ಲಿ ಮರಿ ಮಾಡುವ ಅಷ್ಟು ಪುಟ್ಟ ಹಕ್ಕಿ ಚಳಿಗಾಲಕ್ಕೆ ಇಲ್ಲಿಯವರೆಗೆ ಬರುತ್ತದೆ! ಮರುದಿನ ಕತ್ತಲಿರುವಾಗಲೇ ಹೊರಟು ಹಾರ್ಟನ್ ಪ್ಲೇನ್ಸ್ ಅನ್ನುವ ಎತ್ತರದ ಹುಲ್ಲುಗಾವಲಿಗೆ ಹೋಗಿ. 2000 ಮೀಟರ್‌ಗಿಂತ ಎತ್ತರ, ಬೆಳಗಿನ ಚಳಿ ಜೋರು, ಸ್ವೆಟರ್ ಬೇಕು. ಶ್ರೀಲಂಕಾದ ಸಿಳ್ಳೆ ಹಾಕುವ ಥ್ರಷ್ ತೊರೆಯ ಪಕ್ಕದಲ್ಲಿ ಕಾಣುವುದು ಬೆಳಕು ಹರಿಯುವ ಹೊತ್ತಿಗೆ, ಬಿಸಿಲೇರಿದ ಮೇಲೆ ಸಿಗುವುದು ಕಷ್ಟ. ಅಲ್ಲಿನ ಸುಮಾರು 9 ಕಿಲೋಮೀಟರ್‌ನ ಸುತ್ತು ನಡಿಗೆಯನ್ನು ಮನೆಯವರಿಗೆ ಬೇಡ ಅನ್ನುತ್ತೇನೆ. ರಸ್ತೆ ಬದಿಯಲ್ಲೇ ಹಳದಿ ಕಿವಿಯ ಪಿಕಳಾರ ಸಿಗುತ್ತದೆ.

ಉಳಿದ ದಿನ ತಿಸ್ಸಮಹಾರಾಮದಲ್ಲಿ ಇದ್ದು ಹತ್ತಿರದ ಬುಂದಲ ರಾಷ್ಟ್ರೀಯ ಉದ್ಯಾನ ನೋಡಿ. ಜನ ಯಾಲಾಗೆ ಚಿರತೆ ನೋಡಲು ಮುಗಿಬೀಳುತ್ತಾರೆ. ನೀರಹಕ್ಕಿಗಳಿಗೆ ಬುಂದಲವೇ ವಾಸಿ, ಜೀಪುಗಳ ಗದ್ದಲವೂ ಕಡಿಮೆ.

ಇನ್ನು ಊಟ. ಅನ್ನ, ತೆಂಗಿನಹಾಲಿನ ಪಲ್ಯ, ಪರಿಪ್ಪು ಅನ್ನುವ ಬೇಳೆ, ನಮ್ಮ ಒತ್ತು ಶಾವಿಗೆಯಂಥ ಇಂದಿಯಾಪ್ಪ ಎಲ್ಲ ನಿಮಗೆ ಹಿಡಿಸುತ್ತದೆ. ಒಂದೇ ಎಚ್ಚರಿಕೆ: ಒಣಮೀನಿನ ಚೂರು ತೆಂಗಿನಕಾಯಿ ಚಟ್ನಿಗೂ ಬೀಳುತ್ತದೆ, ಕೆಲವು ತರಕಾರಿ ಪಲ್ಯಕ್ಕೂ ಬೀಳುತ್ತದೆ. ಅದನ್ನು ಉಂಬಲಕಡ ಅನ್ನುತ್ತಾರೆ. ಬರೀ ವೆಜ್ ಅಂದರೆ ಸಾಲದು. 'ಉಂಬಲಕಡ ಎಪಾ, ಮಾಳು ಎಪಾ' ಅಂತ ಹೇಳಿ, ಅದು ಬೇಡ, ಮೀನು ಬೇಡ ಅಂತ ಅರ್ಥ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡಿಸುವ ಮುಂಚೆ ಅವರ ಸರ್ಕಾರಿ ವೆಬ್‌ಸೈಟ್‌ನಲ್ಲೇ ನೋಡಿ, ಏಜೆಂಟರ ಬಾಯಿಮಾತು ನಂಬಬೇಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಗೆ ಹೋಗುತ್ತಿದ್ದೇನೆ. ಆರು ತಿಂಗಳು ಇರುತ್ತೇನೆ. ಇಲ್ಲಿ ದಿನಾ ಕೆರೆ ಏರಿ ಮೇಲೆ ಹಕ್ಕಿ ನೋಡುವ ಅಭ್ಯಾಸ. ಅಲ್ಲಿ ಕಾರು ಓಡಿಸಲು ಬರುವುದಿಲ್ಲ, ಕೂಸು ಬಿಟ್ಟು ಹೋಗಲೂ ಆಗುವುದಿಲ್ಲ. ಏನು ಮಾಡಲಿ?
— ಮೈಸೂರಿನ ಓದುಗರು

ಉತ್ತರ: ಅಮ್ಮಾ, ನೀವು ಒಳ್ಳೆಯ ಕಾಲಕ್ಕೇ ಹೋಗುತ್ತಿದ್ದೀರಿ. ಏಪ್ರಿಲ್ ಕೊನೆಯಿಂದ ಮೇ ತಿಂಗಳ ನಡುವಿನವರೆಗೆ ದಕ್ಷಿಣ ಅಮೆರಿಕ, ಮಧ್ಯ ಅಮೆರಿಕದಿಂದ ಸಣ್ಣ ಸಣ್ಣ ವಾರ್ಬ್ಲರ್‌ಗಳು ಉತ್ತರಕ್ಕೆ ಹೋಗುತ್ತಾ ಅಲ್ಲಿ ಇಳಿಯುತ್ತವೆ. ನಮ್ಮಲ್ಲಿ ಚಳಿಗಾಲಕ್ಕೆ ಬರುವ ವಾರ್ಬ್ಲರ್‌ಗಳು ಹೆಚ್ಚಾಗಿ ಮಾಸಲು ಹಸಿರು, ಕಂದು, ಗುರುತಿಸುವುದೇ ಕಷ್ಟ ಅಲ್ವಾ? ಅಲ್ಲಿಯವು ವಸಂತದಲ್ಲಿ ಹಳದಿ, ಕಿತ್ತಳೆ, ನೀಲಿ ಬಣ್ಣ ತೊಟ್ಟಿರುತ್ತವೆ. ರಾತ್ರಿಯೆಲ್ಲ ಹಾರಿ ಬೆಳಗ್ಗೆ ಎಲ್ಲಿ ನಾಲ್ಕು ಮರ ಇವೆಯೋ ಅಲ್ಲಿ ಇಳಿಯುತ್ತವೆ. ಹಾಗಾಗಿ ಮಗಳ ಮನೆಯ ಹತ್ತಿರದ ಪಾರ್ಕ್ ಸಾಕು. ಬೆಳಗ್ಗೆ ಕೂಸಿಗೆ ಎಳೆಬಿಸಿಲು ತೋರಿಸುವ ನೆಪದಲ್ಲಿ ಹೊರಗೆ ಹೋಗುತ್ತೀರಲ್ಲ, ಆಗ ಕೊರಳಲ್ಲಿ ಬೈನಾಕ್ಯುಲರ್ ಇರಲಿ.

ಅಡುಗೆಮನೆ ಕಿಟಕಿಯ ಹೊರಗೆ ಕಾಳಿನ ಫೀಡರ್ ಒಂದನ್ನು ತೂಗುಹಾಕಲು ಅಳಿಯಂದಿರಿಗೆ ಹೇಳಿ. ಕಪ್ಪು ಸೂರ್ಯಕಾಂತಿ ಬೀಜ ಹಾಕಿದರೆ ಕಾರ್ಡಿನಲ್, ನೀಲಿ ಜೇ ಬರುತ್ತವೆ. ಗಂಡು ಕಾರ್ಡಿನಲ್ ಪೂರ್ತಿ ಕೆಂಪು, ನೋಡಿದರೆ ಮರೆಯುವುದಿಲ್ಲ. ಕರಡಿ ಓಡಾಡುವ ಪ್ರದೇಶವಾದರೆ ಮಾತ್ರ ಫೀಡರ್ ಬೇಡ, ನ್ಯೂಜೆರ್ಸಿಯ ಉತ್ತರ ಭಾಗದಲ್ಲಿ ಕರಡಿಗಳಿವೆ. ಸಕ್ಕರೆ ನೀರಿನ ಫೀಡರ್‌ಗೆ ಹಮ್ಮಿಂಗ್‌ಬರ್ಡ್ ಬರುತ್ತದೆ. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ತೊಳೆದು ಹೊಸದು ತುಂಬಿ. ನಮ್ಮ ಸೂರಕ್ಕಿ ಸಾಮಾನ್ಯವಾಗಿ ಟೊಂಗೆಗೆ ಕೂತು ಮಕರಂದ ಹೀರುತ್ತದೆ. ಇದು ಗಾಳಿಯಲ್ಲೇ ನಿಂತು ಕುಡಿಯುತ್ತದೆ, ರೆಕ್ಕೆ ಬರೀ ಮಬ್ಬಾಗಿ ಕಾಣುತ್ತದೆ.

ಬಾಣಂತನ ಮುಗಿದ ಮೇಲೆ, ವಾಪಸ್ ಬರುವ ಮುಂಚೆ, ಮಗಳು ಅಳಿಯನ ಹತ್ತಿರ ಒಂದೇ ಒಂದು ಶನಿವಾರ ಕೇಳಿಕೊಳ್ಳಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಕೇಪ್ ಮೇಗೆ ಹೋಗಿ. ನ್ಯೂಜೆರ್ಸಿಯ ದಕ್ಷಿಣ ತುದಿ ಅದು. ದಕ್ಷಿಣಕ್ಕೆ ಹೊರಟ ಗಿಡುಗಗಳು ನೀರು ದಾಟುವ ಮುಂಚೆ ಆ ಮೂಲೆಯಲ್ಲಿ ಬಂದು ಸೇರುತ್ತವೆ. ಅಲ್ಲಿ ಮರದ ಅಟ್ಟಣಿಗೆ ಕಟ್ಟಿ ವರ್ಷವರ್ಷ ಗಿಡುಗಗಳ ಲೆಕ್ಕ ಬರೆಯುತ್ತಾರೆ. ವಾಯುವ್ಯದ ಗಾಳಿ ಬೀಸುವ ದಿನ ಆರಿಸಿಕೊಳ್ಳಿ.

ಪ್ರಶ್ನೆ: ಕೀನ್ಯಾಗೆ ಹೋಗಲು ಹಳದಿ ಜ್ವರದ ಲಸಿಕೆ ಬೇಕೇ ಬೇಕಾ? ಸ್ನೇಹಿತರು ಯಾರೂ ಕೇಳಲ್ಲ ಅನ್ನುತ್ತಾರೆ.
— ಬೆಂಗಳೂರಿನ ಓದುಗರು

ಉತ್ತರ: ಬೇಕು. ನೀವು ಭಾರತಕ್ಕೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಆ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡು 10 ದಿನ ಆದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಕೇಳದಿದ್ದರೂ ಇನ್ನೊಂದು ಮಾತು ಹೇಳುತ್ತೇನೆ. ಸಫಾರಿ ಬುಕ್ ಮಾಡುವಾಗಲೇ 'ನಮಗೆ ಹಕ್ಕಿ ಮುಖ್ಯ' ಅಂತ ಹೇಳಿಬಿಡಿ. ಇಲ್ಲದಿದ್ದರೆ ಡ್ರೈವರ್ ಸಿಂಹ ಇರುವ ಕಡೆಗೇ ಗಾಡಿ ಓಡಿಸುತ್ತಾನೆ, ನಮ್ಮ ರಾಜ್ಯಪಕ್ಷಿ ನೀಲಕಂಠದ ಬಂಧು, ನೇರಳೆ ಎದೆಯ ನೀಲಕಂಠ ದಾರಿ ಬದಿಯಲ್ಲಿ ಕೂತಿದ್ದರೂ ನಿಲ್ಲಿಸುವುದಿಲ್ಲ. ಮಸಾಯಿ ಮಾರಾದಲ್ಲಿ ಗಾಡಿಯಿಂದ ಇಳಿಯುವಂತಿಲ್ಲ. ನೈವಾಶಾ, ಬರಿಂಗೊ ಕೆರೆಗಳ ಸುತ್ತ ನಡೆದು ನೋಡಬಹುದು, ಹಾಗಾಗಿ ಅಲ್ಲಿಗೂ ಎರಡು ದಿನ ಇರಲಿ.

ಪ್ರಶ್ನೆ: ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದಾದ ದೇಶ ಇದೆಯಾ?
— ಹುಬ್ಬಳ್ಳಿಯ ಓದುಗರು

ಉತ್ತರ: ನೇಪಾಳ, ಭೂತಾನ್ ಎರಡಕ್ಕೂ ವೋಟರ್ ಐಡಿ ನಡೆಯುತ್ತದೆ. ನಾನಾದರೆ ಭೂತಾನ್ ಆರಿಸುತ್ತೇನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಫೋಬ್ಜಿಕಾ ಕಣಿವೆಯಲ್ಲಿ ಟಿಬೆಟ್ ಕಡೆಯಿಂದ ಬಂದ ಕಪ್ಪು ಕತ್ತಿನ ಕ್ರೇನ್ ಹಕ್ಕಿಗಳಿರುತ್ತವೆ. ಪುನಾಖಾದ ನದಿಗಳಲ್ಲಿ ಅಳಿವಿನಂಚಿನ ಬಿಳಿ ಹೊಟ್ಟೆಯ ಬಕ ಹುಡುಕಬಹುದು. ಭಾರತೀಯರಿಗೆ ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಇದೆ, ಅದನ್ನು ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ: ಹೋದ ಕಡೆಯೆಲ್ಲ ಗೈಡ್‌ಗಳು ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುತ್ತಾರೆ. ದುಡ್ಡು ಕೊಟ್ಟು ಅಷ್ಟು ದೂರ ಹೋದಮೇಲೆ ಅದು ತಪ್ಪಾ?
— ದಾಂಡೇಲಿಯ ಓದುಗರು

ಉತ್ತರ: ಬೇಡ ಅನ್ನುತ್ತೇನೆ. ಕೂಗು ಕೇಳಿದ ಗಂಡುಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಅಂದುಕೊಳ್ಳುತ್ತದೆ. ಮೇವು ಬಿಟ್ಟು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನೀವು ಹಾಕಿಸಿದ್ದು ಒಂದೇ ಸಲ ಇರಬಹುದು. ಹೆಸರಾದ ಜಾಗಗಳಲ್ಲಿ ಅದೇ ಹಕ್ಕಿಗೆ ದಿನಕ್ಕೆ ಎಷ್ಟು ಗುಂಪುಗಳು ಹಾಗೆ ಮಾಡುತ್ತವೆ, ಯೋಚಿಸಿ. ನಿಮ್ಮ ಕಡೆಯ ಫ್ರಾಗ್‌ಮೌತ್ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ, ಹಗಲು ಹೊತ್ತು ಕಾವು ಕೊಡುವುದು ಗಂಡು. ಅದು ಎದ್ದುಹೋದರೆ ಆ ವರ್ಷದ ಮರಿಯೇ ಹೋದ ಹಾಗೆ.

ಸಿಂಹರಾಜದ ಸೆರೆಂಡಿಬ್ ಗೂಬೆಯ ಕೂಗು 1995ರಲ್ಲಿ ಕಿವಿಗೆ ಬಿದ್ದಿತ್ತು, ಹಕ್ಕಿ ಕಣ್ಣಿಗೆ ಬಿದ್ದದ್ದು 2001ರಲ್ಲಿ. ಈಗ ಅದು ಹಗಲಲ್ಲಿ ಮಲಗುವ ಜಾಗವನ್ನು ಅಲ್ಲಿಯ ಗೈಡ್‌ಗಳು ಕಾಡಿನಲ್ಲಿ ಹುಡುಕಿ ತೋರಿಸುತ್ತಾರೆ. ಅಂಥವರನ್ನು ಆರಿಸಿಕೊಳ್ಳಿ. ಬುಕ್ ಮಾಡುವಾಗಲೇ 'ಕೂಗು ಹಾಕುವುದು ಬೇಡ, ಹಕ್ಕಿ ಸಿಗದಿದ್ದರೂ ಬೇಜಾರಿಲ್ಲ' ಅಂತ ಬರೆದು ಕಳಿಸಿ. ಎಷ್ಟೋ ಗೈಡ್‌ಗಳು ಕೂಗು ಹಾಕುವುದು ಗಿರಾಕಿ ಬೇಜಾರಾದರೆ ಟಿಪ್ಸ್ ಹೋಗುತ್ತದೆ ಅನ್ನುವ ಭಯಕ್ಕೆ. ಹಕ್ಕಿ ಸಿಗದ ದಿನವೂ ಟಿಪ್ಸ್ ಪೂರ್ತಿ ಕೊಡಿ.