‘ಕಡಲಾಳದ ಮಹಾತಾಯಿ’ ಲೇಖನದ ಕುರಿತು

ಮಾನ್ಯರೇ,

ನೀವು ಕಳುಹಿಸಿದ ‘ಕಡಲಾಳದ ಮಹಾತಾಯಿ’ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲಕಣಿವೆಯಲ್ಲಿ, ಸುಮಾರು 1,400 ಮೀಟರ್ ಆಳದಲ್ಲಿ, 53 ತಿಂಗಳ ಕಾಲ ಮೊಟ್ಟೆಗಳನ್ನು ಕಾದ ಗ್ರಾನೆಲೆಡೋನ್ ಬೋರಿಯೋಪೆಸಿಫಿಕಾ ಎಂಬ ಆಕ್ಟೋಪಸ್ಸಿನ ಬಗ್ಗೆ ಬರೆಯಲು ಹೊರಟಿದ್ದೀರಿ. ವಿಷಯ ಅಪರೂಪದ್ದು. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ.

ಮೊದಲ ಎರಡು ಪುಟಗಳಲ್ಲಿ ತ್ಯಾಗ, ಮಮತೆಗಳ ಮಾತಿದೆಯೇ ಹೊರತು ಆಕ್ಟೋಪಸ್ ಕಾಣಿಸಿಕೊಳ್ಳುವುದೇ ಇಲ್ಲ. ಅವನ್ನು ಪೂರ್ತಿ ತೆಗೆದುಹಾಕಿ. ಅದು ವೈರಿಯ ಮೇಲೆ ಮಸಿ ಉಗುಳಿತೆಂದು ಬರೆದಿದ್ದೀರಿ, ಆದರೆ ಈ ಕುಲದ ಆಕ್ಟೋಪಸ್ಸುಗಳಿಗೆ ಮಸಿಚೀಲವೇ ಇಲ್ಲ. ‘ಮರಿಗಳನ್ನು ಕಣ್ತುಂಬ ನೋಡಿ ಪ್ರಾಣಬಿಟ್ಟಿತು’ ಎಂಬ ನಿಮ್ಮ ಮುಕ್ತಾಯವನ್ನು ಕಂಡವರು ಯಾರೂ ಇಲ್ಲ.

ಕಂಡವರು ಏನನ್ನು ಕಂಡರು, ಹೇಗೆ ಕಂಡರು ಎಂಬುದೇ ಈ ಲೇಖನದ ಜೀವಾಳವಾಗಬೇಕಿತ್ತು. ಕಡಲಜೀವಿ ವಿಜ್ಞಾನಿ ಬ್ರೂಸ್ ರಾಬಿಸನ್ ಮತ್ತು ಸಂಗಡಿಗರು 2007ರ ಏಪ್ರಿಲ್‌ನಲ್ಲಿ ದೂರನಿಯಂತ್ರಿತ ಜಲನೌಕೆಯ ಕ್ಯಾಮೆರಾದ ಮೂಲಕ ಒಂದು ಬಂಡೆಯತ್ತ ಸಾಗುತ್ತಿದ್ದ ಹೆಣ್ಣು ಆಕ್ಟೋಪಸ್ಸನ್ನು ಗಮನಿಸಿದರು. 38 ದಿನಗಳ ನಂತರ ಮರಳಿದಾಗ ಅದು ಬಂಡೆಗೆ ಅಂಟಿಸಿದ ಮೊಟ್ಟೆಗಳನ್ನು ತಬ್ಬಿ ಕುಳಿತಿತ್ತು. ಮೈಮೇಲಿನ ಗಾಯದ ಗುರುತುಗಳಿಂದ ಅದೇ ಪ್ರಾಣಿಯೆಂದು ಖಚಿತಪಡಿಸಿಕೊಂಡು, ಮುಂದಿನ ವರ್ಷಗಳಲ್ಲಿ ಒಟ್ಟು 18 ಬಾರಿ ಅಲ್ಲಿಗೆ ನೌಕೆಯನ್ನು ಇಳಿಸಿ ನೋಡಿದರು. ಈ ಗಾಯದ ಗುರುತುಗಳ ಸುದ್ದಿಯೇ ನಿಮ್ಮ ಲೇಖನದಲ್ಲಿ ಇಲ್ಲ; ಅದಿಲ್ಲದೆ, ಕತ್ತಲ ಕಡಲಲ್ಲಿ ಕಂಡದ್ದು ಒಂದೇ ಆಕ್ಟೋಪಸ್ ಎಂದು ಓದುಗರು ಯಾಕೆ ನಂಬಬೇಕು?

‘ನಾಲ್ಕೂವರೆ ವರ್ಷ ಒಂದು ತುತ್ತನ್ನೂ ಮುಟ್ಟಲಿಲ್ಲ’ ಎಂಬ ವಾಕ್ಯವನ್ನೂ ತಿದ್ದಬೇಕು. ನೋಡಿದ ಯಾವ ಬಾರಿಯೂ ಅದು ತಿನ್ನುತ್ತಿರಲಿಲ್ಲ, ಪಕ್ಕದಲ್ಲೇ ಓಡಾಡುವ ಏಡಿ, ಸೀಗಡಿಗಳತ್ತ ಗಮನ ಕೊಡಲಿಲ್ಲ, ಯಂತ್ರದ ಕೈಯಿಂದ ಏಡಿಯ ತುಂಡನ್ನು ಮುಂದೊಡ್ಡಿದರೂ ನಿರಾಕರಿಸಿತು ಎಂದಷ್ಟೇ ಹೇಳಬಹುದು. ಬರುಬರುತ್ತಾ ಮೈಬಣ್ಣ ಬಿಳಿಚಿತು, ಚರ್ಮ ಜೋತುಬಿತ್ತು, ಕಣ್ಣು ಮಂಜಾಯಿತು. 2011ರ ಸೆಪ್ಟೆಂಬರ್‌ನಲ್ಲಿ ಕೊನೆಯ ಬಾರಿ ಕಾಣಿಸಿತು. ಅಕ್ಟೋಬರ್‌ನಲ್ಲಿ ಬಂಡೆಯ ಮೇಲೆ ಉಳಿದದ್ದು ಹರಿದ ಮೊಟ್ಟೆಕೋಶಗಳು ಮಾತ್ರ, ಅಂದಾಜು 160. ಇದಕ್ಕೆ ಕಣ್ಣೀರು ಬೆರೆಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇಷ್ಟು ದೀರ್ಘಕಾಲ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ತೀರದ ಬಳಿಯ ಬಹುತೇಕ ಆಕ್ಟೋಪಸ್ಸುಗಳು ಒಂದರಿಂದ ಮೂರು ತಿಂಗಳು ಮೊಟ್ಟೆ ಕಾಯುತ್ತವೆ. ಇಲ್ಲಿ ನೀರಿನ ಉಷ್ಣಾಂಶ ಸುಮಾರು 3 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಭ್ರೂಣದ ಬೆಳವಣಿಗೆ ಬಹಳ ನಿಧಾನ. ಜೊತೆಗೆ ಈ ಮರಿಗಳು ಸಾಕಷ್ಟು ಬಲಿತು, ಬೇಟೆಯಾಡುವಷ್ಟು ಸಮರ್ಥವಾಗಿಯೇ ಹೊರಬರುತ್ತವೆ. ಹೋಲಿಕೆಗೆ ಅದೇ ಕ್ಯಾಲಿಫೋರ್ನಿಯಾ ತೀರದಾಚೆಯ ಡೇವಿಡ್‌ಸನ್ ಕಡಲಬೆಟ್ಟದ ಉದಾಹರಣೆ ಕೊಡಿ. ಅದರ ಬುಡದಲ್ಲಿ, ಸುಮಾರು 3,200 ಮೀಟರ್ ಆಳದಲ್ಲಿ, ಮ್ಯೂಸೋಕ್ಟೋಪಸ್ ರೋಬಸ್ಟಸ್ ಎಂಬ ಇನ್ನೊಂದು ಪ್ರಭೇದದ ಸಾವಿರಾರು ಹೆಣ್ಣುಗಳು ಬಂಡೆಬಿರುಕಿನಿಂದ ಒಸರುವ ಬೆಚ್ಚನೆಯ ನೀರಿನಲ್ಲಿ ಮೊಟ್ಟೆಯಿಡುತ್ತವೆ. ಸುತ್ತಲಿನ ಕಡಲು 1.6 ಡಿಗ್ರಿಯಷ್ಟು ತಣ್ಣಗಿದ್ದರೂ ಅಲ್ಲಿ ಎರಡು ವರ್ಷದೊಳಗೇ ಮರಿಗಳಾಗುವುದನ್ನು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇದಕ್ಕೆ ಒಂದು ಪುಟವನ್ನೇ ಮೀಸಲಿಡಬಹುದು.

ನಿಮ್ಮ ಭಾಷೆ ಸ್ವಚ್ಛವಾಗಿದೆ. ಯಂತ್ರದ ದೀಪ ಬಂಡೆಯ ಮೇಲೆ ಬೀಳುವ ಭಾಗವನ್ನು ಹಾಗೆಯೇ ಉಳಿಸಿ, ಲೇಖನವನ್ನು ಅಲ್ಲಿಂದಲೇ ಆರಂಭಿಸಿ. ಲಗತ್ತಿಸಿರುವ ಚಿತ್ರಗಳು ಮಾಂಟೆರೆ ಸಂಶೋಧನಾ ಸಂಸ್ಥೆಯವು. ಅವರ ಲಿಖಿತ ಅನುಮತಿಯಿಲ್ಲದೆ ಅಚ್ಚು ಹಾಕಲಾಗದು. ಪರಿಷ್ಕರಿಸಿದ ಪ್ರತಿಯೊಂದಿಗೆ ಅದನ್ನೂ ಕಳುಹಿಸಿಕೊಡಿ.

ಇಂತಿ,
ಸಂಪಾದಕ