ಇನ್ಸುಲಿನ್ ಗಿಡದ ಎಲೆ ತಿಂದರೆ ಇಂಜೆಕ್ಷನ್ ತಪ್ಪಿಸಬಹುದೇ?

ತಾಯಿಗೆ ಇನ್ಸುಲಿನ್ ಬರೆದುಕೊಟ್ಟಿದ್ದಾರೆ, ಮೂರು ತಿಂಗಳು ಎಲೆ ತಿನ್ನಿಸಿ ನೋಡಲೇ ಅಂತ ಕೇಳಿದ್ದೀರಿ. ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಕಳೆದಾಗಿದೆ.

ಶಿರಸಿ ಹತ್ತಿರ ನಮ್ಮ ತೋಟದ ಮನೆ. 2018ರ ಮಾರಿಕಾಂಬಾ ಜಾತ್ರೆ ಮುಗಿದ ಮೇಲೆ ಡಾಕ್ಟರು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಇನ್ಸುಲಿನ್ ಹೇಳಿದರು. ಹದಿನಾಲ್ಕು ವರ್ಷದ ಶುಗರ್. ‘ಒಂದ್ಸಲ ಸೂಜಿ ಹಿಡದ್ರೆ ಬಿಡಲೆ ಬತ್ತಿಲ್ಲೆ’ ಅಂತ ಊರವರು ಹೆದರಿಸಿದರು. ಸರಿ, ಬೆಳಿಗ್ಗೆ ಇನ್ಸುಲಿನ್ ಗಿಡದ ಎರಡು ಹುಳಿ ಎಲೆ, ಹಾಗಲಕಾಯಿ ರಸ, ಸಂಜೆ ಏಕನಾಯಕ ಎಂಬ ಬಳ್ಳಿಯ ಬೇರಿನ ಕಷಾಯ. ದಿನಾ ಬೆಳಿಗ್ಗೆ ನಾನೇ ಬೆರಳು ಚುಚ್ಚಿ ನೋಡುತ್ತಿದ್ದೆ. 190 ಇದ್ದದ್ದು 140ಕ್ಕೆ ಬಂತು. ಕ್ಯಾಲೆಂಡರಿನಲ್ಲಿ ಬರೆದಿಟ್ಟು ಬಂದವರಿಗೆಲ್ಲ ತೋರಿಸಿದೆ.

ತಪ್ಪಿದ್ದು ಅಲ್ಲೇ. ನಾನು ನೋಡಿದ್ದು ಖಾಲಿ ಹೊಟ್ಟೆಯ ಶುಗರ್ ಮಾತ್ರ. ಆಯಿ ಅದೇ ಹೊತ್ತಿಗೆ ರಾತ್ರಿ ಅನ್ನ ಬಿಟ್ಟು ಗಂಜಿತಿಳಿ ಕುಡಿಯುತ್ತಿದ್ದಳು. ಇಳಿದದ್ದು ಅದರಿಂದಲೇ ಇರಬೇಕು, ನಾನು ಎಲೆಯ ಲೆಕ್ಕಕ್ಕೆ ಬರೆದೆ. ಮಧ್ಯಾಹ್ನ ಅನ್ನ, ತಂಬುಳಿ ಉಂಡು ಎರಡು ತಾಸಿಗೆ ಎಷ್ಟಿರುತ್ತದೆ ಅಂತ ಒಂದು ದಿನವೂ ನೋಡಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಲೂ ಇಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋದಾಗ ಕಾಲಿಗೆ ಮುಳ್ಳು ಹೊಕ್ಕಿದ್ದು ಆಯಿಗೆ ಗೊತ್ತೇ ಆಗಲಿಲ್ಲ, ಶುಗರಿನಿಂದ ಪಾದ ಮರಗಟ್ಟಿತ್ತು. ಜಗಲಿಯ ಮೇಲೆ ಕೀವಿನ ಗುರುತು ಕಂಡು ನಾನು ಕೇಳಿದೆ. ಹುಬ್ಬಳ್ಳಿಗೆ ಓಡಿದೆವು. ಊಟದ ನಂತರ 340, ಎಚ್‌ಬಿಎ1ಸಿ 10. ಕಾಲಿನ ಬೆರಳು ಉಳಿಯಲಿಲ್ಲ.

ಗಿಡವೋ ಸೂಜಿಯೋ ಅಂತ ಕೇಳುವುದೇ ಸರಿಯಲ್ಲ. ಆ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇದ್ದರೂ ಅದು ಪ್ರೋಟೀನು, ತಿಂದರೆ ಬೇಳೆಯ ಹಾಗೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ಅದಕ್ಕೇ ಚುಚ್ಚುವುದು. ಇನ್ಸುಲಿನ್ ಗಿಡ ಅಜ್ಜಿ ಮದ್ದೂ ಅಲ್ಲ, ಹೊರದೇಶದಿಂದ ಬಂದದ್ದು. ಏಕನಾಯಕ ಕರುಳಿನಲ್ಲಿ ಪಿಷ್ಟ ಒಡೆಯುವುದನ್ನು ನಿಧಾನ ಮಾಡುತ್ತದೆ, ಮೆಂತ್ಯದ ಲೋಳೆ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡವಾಗಿಸುತ್ತದೆ. ಇವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಸೋತ ಮೇಲೆ ಇಲ್ಲದ ಇನ್ಸುಲಿನ್ನನ್ನು ಯಾವ ಬೇರೂ ತಂದುಕೊಡುವುದಿಲ್ಲ.

ಡಾಕ್ಟರು ಹೇಳಿದ ಸೂಜಿ ನಾಳೆಯೇ ಶುರು ಮಾಡಿ. ಹಾಗಲಕಾಯಿ ಪಲ್ಯ ಧಾರಾಳ ತಿನ್ನಲಿ, ರಸ ಮತ್ತು ಕಷಾಯ ಮಾತ್ರ ಡಾಕ್ಟರಿಗೆ ತಿಳಿಸದೆ ಬೇಡ. ಇನ್ಸುಲಿನ್ ಜೊತೆ ಸೇರಿದರೆ ಶುಗರ್ 70ರ ಕೆಳಗಿಳಿದು ಬೆವರು, ನಡುಕ ಬಂದೀತು.

ಇವತ್ತು ರಾತ್ರಿ ಟಾರ್ಚ್ ಹಿಡಿದು ತಾಯಿಯ ಪಾದ ನೋಡಿ, ಬೆರಳ ಸಂದಿ ಬಿಡಿಸಿ ನೋಡಿ. ನಾನೀಗ ದಿನಾ ನೋಡುತ್ತೇನೆ.