ಓದುಗರ ಪ್ರಶ್ನೆ: ಶೆಡ್ಡಿನಲ್ಲಿ ಬಿದ್ದಿರುವ ಪಿನ್‌ಬಾಲ್

ಪ್ರ: ಗುಜರಿಯವರೊಬ್ಬರ ಶೆಡ್ಡಿನಲ್ಲಿ ಗಾಟ್ಲೀಬ್ ಕಂಪನಿಯ ಹಳೇ ಪಿನ್‌ಬಾಲ್ ಮಷೀನ್ (ಕಾಸು ಹಾಕಿ, ಓರೆ ಹಲಗೆಯ ಮೇಲೆ ಉರುಳುವ ಉಕ್ಕಿನ ಚೆಂಡನ್ನು ಬಟನ್ ಒತ್ತಿ ಹೊಡೆದು ಅಂಕ ಗಳಿಸುವ ಆಟದ ಪೆಟ್ಟಿಗೆ) ಇದೆ. ಅಂಕಗಳು ಉರುಳುವ ಚಕ್ರಗಳಲ್ಲಿ ಬರುವಂಥದ್ದು. ಪ್ಲಗ್ ಹಾಕಿ ನೋಡಿ, ಆಮೇಲೆ ಕೊಳ್ಳಲೇ?
– ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉ: ಪ್ಲಗ್ ಬೇಡ, ಟಾರ್ಚ್ ಹಿಡಿದು ಹೋಗಿ. ಮೊದಲು ನೋಡಬೇಕಾದ್ದು ಬಣ್ಣ. ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಕಾಯಿಲ್ (ತಂತಿಯ ಸುರುಳಿ), ಬಲ್ಬು ಏನೇ ಕೆಟ್ಟಿರಲಿ, ಸರಿಮಾಡಬಹುದು. ಆಟದ ಹಲಗೆಯ ಚಿತ್ರ ಪ್ಲೈವುಡ್ ಕಾಣುವಷ್ಟು ಸವೆದಿದ್ದರೆ ಮೊದಲಿನಂತೆ ಮಾಡುವುದು ಬಲು ಕಷ್ಟ. ಎದುರಿಗೆ ನಿಂತಿರುವ, ಅಂಕಗಳು ಕಾಣುವ ಬ್ಯಾಕ್‌ಗ್ಲಾಸಿನ ಚಿತ್ರ ಗಾಜಿನ ಒಳಮೈಯಲ್ಲಿ ಅಚ್ಚಾಗಿರುತ್ತದೆ. ಬಲ್ಬಿನ ಶಾಖಕ್ಕೆ ಹಪ್ಪಳದಂತೆ ಎದ್ದಿರುವುದು ಸಾಮಾನ್ಯ. ಆ ಕಡೆ ಒದ್ದೆ ಬಟ್ಟೆ ಮುಟ್ಟಿಸಿದಿರೋ, ಚಿತ್ರ ಬಟ್ಟೆಗೇ ಬಂತು.

ಆಮೇಲೆ ಕಾಲಿನ ಬೋಲ್ಟು ಹಿಡಿದಿರುವ ನಾಲ್ಕು ಮೂಲೆಗಳಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮೆತ್ತಗೆ ಒಳಹೋದರೆ ಗೆದ್ದಲು. ಇಲಿ ಕಡಿದ ವೈರು, ಫ್ಯೂಸಿನ ಜಾಗದಲ್ಲಿ ಸುತ್ತಿದ ತಾಮ್ರದ ತಂತಿ ಕಂಡರೆ ಬೆಲೆ ಇಳಿಸಿ ಮಾತಾಡಿ. ತಂತಿ ಸುತ್ತಿದ್ದಾರೆ ಎಂದರೆ ಫ್ಯೂಸ್ ಯಾಕೆ ಹೋಗುತ್ತಿತ್ತು ಎಂದು ಯಾರೂ ಹುಡುಕಿಲ್ಲ ಎಂದೇ ಅರ್ಥ.

ಇದು ಅಮೆರಿಕದ ಮಷೀನು. ಪೆಟ್ಟಿಗೆಯ ಒಳಗೋ ಟ್ರಾನ್ಸ್‌ಫಾರ್ಮರಿನ ಮೇಲೋ 115 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ನೇರ ಹಾಕುವ ಹಾಗಿಲ್ಲ. ವೋಲ್ಟೇಜ್ ಇಳಿಸುವ 500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಎರಡು ಪಿನ್ನಿನ ವೈರ್ ಇದ್ದರೆ ತೆಗೆದು ಮೂರು ಕೋರಿನದು ಹಾಕಿ, ಕಾಲು ಮತ್ತು ಕಾಸಿನ ಬಾಗಿಲಿಗೆ ಅರ್ತ್ ಕೊಡಿ.

ಮೊದಲ ಸಲ ಕರೆಂಟು ಕೊಡುವಾಗ ಒಳಗಿನ ಫ್ಯೂಸ್‌ಗಳನ್ನೆಲ್ಲ ಬಿಚ್ಚಿ, ಸ್ಟೆಪ್‌ಡೌನ್‌ಗೆ ಮುಂಚೆ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ (ಕರೆಂಟು ಒಂದು ಬಲ್ಬಿನ ಮೂಲಕವೇ ಹಾದುಹೋಗುವ ಬೋರ್ಡು) ಇಡಿ. ಅದರಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬೇ ಇರಬೇಕು, ಎಲ್‌ಇಡಿ ನಡೆಯದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿದು ನಿಂತರೆ ಶಾರ್ಟ್. ಪ್ರತಿ ಸಲವೂ ಪ್ಲಗ್ ಕಿತ್ತು, ಒಂದೊಂದೇ ಫ್ಯೂಸ್ ಹಾಕುತ್ತಾ ಹೋದರೆ ಯಾವ ಸಾಲಿನಲ್ಲಿ ತೊಂದರೆ ಎಂದು ಗೊತ್ತಾಗುತ್ತದೆ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50 ಆದ್ದರಿಂದ ಅಂಕ ಕೂಡಿಸುವ ಸ್ಕೋರ್ ಮೋಟಾರ್ ತುಸು ನಿಧಾನ ತಿರುಗುತ್ತದೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಪ್ರ: ಬಟನ್ ಒತ್ತಿದಾಗ ಚೆಂಡು ಹೊಡೆಯುವ ಪುಟ್ಟ ಕೈಗಳಾದ ಫ್ಲಿಪ್ಪರ್‌ಗಳಿಗೆ ಚೆಂಡನ್ನು ಮೇಲಿನ ತನಕ ಹೊಡೆಯುವ ಕಸುವಿಲ್ಲ. ಎರಡು ಸಲ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ, ಇನ್ನೂ ನಿಧಾನವಾಯಿತು.
– ತಿಪಟೂರು

ಉ: ಎಣ್ಣೆಯೇ ಈಗಿನ ಅರ್ಧ ಕಾಯಿಲೆ. ಕಾಯಿಲಿನೊಳಗೆ ಓಡಾಡುವ ಪ್ಲಂಜರ್ ಒಣಗಿಯೇ ಇರಬೇಕು. ಎಣ್ಣೆಗೆ ಲೋಹದ ಪುಡಿ, ಧೂಳು ಸೇರಿ ಕಪ್ಪು ಗಸಿಯಾಗುತ್ತದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಕಾಯಿಲಿನ ಒಳಕೊಳವೆಗೆ ಹೊಸ ನೈಲಾನ್ ಸ್ಲೀವ್ ಹಾಕಿ. ಪ್ಲಂಜರಿನ ತುದಿ ಏಟು ತಿಂದು ಅಣಬೆಯಂತೆ ಅರಳಿದ್ದರೆ ಅರದಿಂದ ಉಜ್ಜಿ ಮಟ್ಟ ಮಾಡಿ.

ಇನ್ನರ್ಧ ಇಒಎಸ್ (ಎಂಡ್ ಆಫ್ ಸ್ಟ್ರೋಕ್, ಅಂದರೆ ಹೊಡೆತದ ಕೊನೆ) ಎನ್ನುವ ಸಣ್ಣ ಸ್ವಿಚ್ಚಿನಲ್ಲಿ. ಈ ಕಾಯಿಲಿನಲ್ಲಿ ಎರಡು ಸುತ್ತು: ದಪ್ಪ ತಂತಿಯದು ಹೊಡೆಯಲು, ಸಣ್ಣ ತಂತಿಯದು ಎತ್ತಿ ಹಿಡಿಯಲು. ಫ್ಲಿಪ್ಪರ್ ಕೆಳಗಿದ್ದಾಗ ಸ್ವಿಚ್ ಮುಚ್ಚಿಕೊಂಡಿದ್ದು, ಪೂರ್ತಿ ಎದ್ದಾಗ 2–3 ಮಿ.ಮೀ. ತೆರೆಯಬೇಕು. ಅದರ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೆ ಕರೆಂಟು ಸಣ್ಣ ತಂತಿಯಲ್ಲೂ ನುಸುಳಿ ಹೋಗಬೇಕಾಗುತ್ತದೆ, ಹೊಡೆತ ಸಾಯುತ್ತದೆ. ತೆರೆಯದೇ ಹೋದರೆ ಉಲ್ಟಾ, ಬಟನ್ ಒತ್ತಿ ಹಿಡಿದವರ ಎದುರೇ ಕಾಯಿಲ್ ಹೊಗೆಯಾಡುತ್ತದೆ. ಕಾಂಟ್ಯಾಕ್ಟ್ ಟಂಗ್‌ಸ್ಟನ್, ಗಟ್ಟಿ ಲೋಹ. ನಯವಾದ ಅರದಿಂದ ಉಜ್ಜಿ.

ಕಾಯಿಲ್ ಸುಟ್ಟೇ ಹೋಗಿದ್ದರೆ ಬೋರ್‌ವೆಲ್ ಮೋಟಾರ್ ಸುತ್ತುವವರು ಸುತ್ತಿಕೊಡುತ್ತಾರೆ. ವಿಲಿಯಮ್ಸ್ ಕಂಪನಿಯ ಕಾಯಿಲಿನ ಚೀಟಿಯಲ್ಲಿ 23-800 ಎಂದಿದ್ದರೆ 23 ಗೇಜಿನ ತಂತಿ, 800 ಸುತ್ತು. ಎಡವುವುದು ಇಲ್ಲೇ: ಅದು ಅಮೆರಿಕದ ಗೇಜು, 0.57 ಮಿ.ಮೀ. ನಮ್ಮ ಅಂಗಡಿಯ 23 ಎಸ್‌ಡಬ್ಲ್ಯುಜಿ (ಬ್ರಿಟಿಷ್ ಗೇಜು) 0.61 ಮಿ.ಮೀ. ಇರುತ್ತದೆ. 24 ಎಸ್‌ಡಬ್ಲ್ಯುಜಿ ಕೇಳಿ.

ಪ್ರ: ನಮ್ಮದು ಡಿಜಿಟಲ್ ಅಂಕಿಯ, ಬ್ಯಾಲಿ ಕಂಪನಿಯ ಮಷೀನ್. ದೀಪ ಹತ್ತುತ್ತದೆ, ಆಟ ಶುರುವಾಗುವುದಿಲ್ಲ. ಬೋರ್ಡಿನಲ್ಲಿ ಹಸಿರು ಪುಡಿ ಇದೆ.
– ಚಿಂತಾಮಣಿ

ಉ: ಬೋರ್ಡಿಗೆ ಬೆಸುಗೆ ಹಾಕಿದ 3.6 ವೋಲ್ಟಿನ ಬ್ಯಾಟರಿ ಸೋರಿದೆ. ಮೊದಲು ಅದನ್ನು ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಆದ್ದರಿಂದ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಶುದ್ಧ ನೀರಿನಲ್ಲಿ, ಕೊನೆಗೆ ಆಲ್ಕೊಹಾಲಿನಲ್ಲಿ ತೊಳೆದು ಒಣಗಿಸಿ. ಹತ್ತಿರದ ಐಸಿ (ಚಿಪ್) ಕೂರುವ ಸಾಕೆಟ್‌ಗಳು ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಹೊಸ ಬ್ಯಾಟರಿಯನ್ನು ವೈರ್ ಎಳೆದು ಬೋರ್ಡಿನಿಂದ ದೂರ ಇಡಿ.

ಪ್ರ: ಚೆಂಡು ತುಕ್ಕು ಹಿಡಿದಿದೆ, ಉಜ್ಜಿದರೆ ಸಾಕೇ? ಮಷೀನನ್ನು ಎಷ್ಟು ಓರೆಯಾಗಿ ನಿಲ್ಲಿಸಬೇಕು?
– ತುಮಕೂರು

ಉ: ಸಾಲದು. ಗುಳಿಬಿದ್ದ ಚೆಂಡು ಹಲಗೆಗೆ ಉಪ್ಪುಕಾಗದವಿದ್ದಂತೆ. ಬೇರಿಂಗ್ ಅಂಗಡಿಯಲ್ಲಿ 1 1/16 ಇಂಚಿನ ಉಕ್ಕಿನ ಗುಂಡು ಕೇಳಿ, ತೂಕ ಸುಮಾರು 80 ಗ್ರಾಂ, ಮುಖ ಕಾಣುವಷ್ಟು ಹೊಳಪಿರಲಿ. ಓರೆ, ಚಕ್ರದ ಅಂಕಿಯ ಮಷೀನಿಗೆ ಸುಮಾರು 3.5 ಡಿಗ್ರಿ, ಅಂದರೆ ಮೀಟರ್ ಉದ್ದಕ್ಕೆ 6 ಸೆಂ.ಮೀ. ಏರು. ಡಿಜಿಟಲ್‌ಗೆ 6.5 ಡಿಗ್ರಿ, 11 ಸೆಂ.ಮೀ.ಗೆ ತುಸು ಹೆಚ್ಚು. ಅಡ್ಡಕ್ಕೆ ಗಾರೆಯವರ ರಸಮಟ್ಟ ಇಟ್ಟು ನೋಡಿ, ಗಾಜಿನ ಮೇಲಲ್ಲ, ಹಲಗೆಯ ಮೇಲೇ.